ತಂತಿಗೆ ಚುಚ್ಚಿದ ಗುಲಾಬಿ ಪಾವತಿ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದಿದ್ದರೆ ನನ್ನ ಆಯುಷ್ಯದ ಒಂಬತ್ತು ವರ್ಷಗಳನ್ನು ನೆಮ್ಮದಿಯಿಂದ ಕಳೆಯುತ್ತಿದ್ದೆ. ಏನು ಮಾಡುವುದು, ದುಂಡಗಿತ್ತು. ಚಿಕ್ಕವನಿದ್ದಾಗ ಸೋದರಮಾವ ಬೆರಳ ಗೆಣ್ಣಿಗೆ ಹೊಡೆದು ಹೊಡೆದು ಅದನ್ನು ದುಂಡಗೆ ಮಾಡಿದ್ದ. ಆ ಏಟುಗಳಿಗಾಗಿ ಅವನನ್ನು ಎಂದೋ ಕ್ಷಮಿಸಿದ್ದೇನೆ. ಆ ಅಕ್ಷರಕ್ಕಾಗಿ ಕ್ಷಮಿಸಲು ಇನ್ನೂ ಆಗಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಪುಕ್ಕಲ. ಹಾವಿಗೋ ದೆವ್ವಕ್ಕೋ ಹೆದರುವ ಪುಕ್ಕಲನಲ್ಲ, ಮೊಹರು ಬಿದ್ದ ಕಾಗದಕ್ಕೆ ಹೆದರುವ ಪುಕ್ಕಲ. ಟಪಾಲಿನವನ ಸೈಕಲ್ಲು ಶಾಲೆಯ ಕಡೆ ತಿರುಗಿದರೆ ಸಾಕು, ಹಾಜರಿ ಪುಸ್ತಕ ತೆಗೆದು ನನ್ನ ತಪ್ಪು ಹುಡುಕಲು ಕೂರುತ್ತಿದ್ದೆ. ಕಾಲುವೆಗೆ ನೀರು ಬಂದು ಹತ್ತು ವರ್ಷವಾಗಿದ್ದ ಆ ಕಾಲದಲ್ಲಿ ನಾನು ಸಿಂಧನೂರಿನಿಂದ ಎರಡು ಹರದಾರಿ ದೂರದ ಒಂದು ಹಳ್ಳಿಗೆ ಒಬ್ಬನೇ ಮಾಸ್ತರ. ಹನುಮಪ್ಪನ ಗುಡಿಯ ಪಡಸಾಲೆಯೇ ಶಾಲೆ. ನೌಕರಿ ಹಂಗಾಮಿ. ಕಾಯಂ ಮಾಡುವ ಆರ್ಡರು ಇಂದು ಬಂದೀತು ನಾಳೆ ಬಂದೀತು ಎಂದು ಮೂರು ವರ್ಷ ಕಾದಿದ್ದೆ. ಪಾಮನಕಲ್ಲೂರಿನ ಆಚೆ, ಜೋಳ ಬಿಟ್ಟರೆ ಬೇರೆ ಕಾಳು ಕಾಣದ ನಮ್ಮೂರಿನಲ್ಲಿ ಅವ್ವ ಮತ್ತು ಮದುವೆಯಾಗದ ಇಬ್ಬರು ತಂಗಿಯರು ನನ್ನ ಮನಿಯಾರ್ಡರನ್ನು ನಂಬಿ ಒಲೆ ಹಚ್ಚುತ್ತಿದ್ದರು. ಆ ನೌಕರಿ ಒಂದು ಹೋದರೆ ನನಗೆ ಬೇರೆ ಯಾವ ವಿದ್ಯೆಯೂ ಬರುತ್ತಿರಲಿಲ್ಲ.

ಸರ್ಕಾರಿ ನೌಕರ ಯಾವ ಪಕ್ಷದ ಸಭೆಗೂ ಹೋಗಕೂಡದು, ಯಾವ ಪಕ್ಷಕ್ಕೂ ಚಂದಾ ಎತ್ತಕೂಡದು ಎಂದು ಟ್ರೇನಿಂಗಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಲಿಂಗಸುಗೂರಿನ ಕಡೆ ಒಬ್ಬ ಮಾಸ್ತರ ಬಿಸಿಲಿಗೆ ಬೇಸತ್ತು ಅಭ್ಯರ್ಥಿಯೊಬ್ಬರ ಜೀಪು ಹತ್ತಿ ಮೂರು ಮೈಲಿ ಬಂದನಂತೆ, ಇಳಿಯುವಷ್ಟರಲ್ಲಿ ಸಸ್ಪೆಂಡ್ ಆಗಿದ್ದನಂತೆ. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ಹೆದರಿದವನಿಗೆ ಹಗ್ಗವೆಲ್ಲ ಹಾವು. ಎಲೆಕ್ಷನ್ ಮುಗಿಯುವವರೆಗೂ ಯಾರ ಗಾಡಿಯನ್ನೂ ಹತ್ತಬಾರದೆಂದು ತೀರ್ಮಾನಿಸಿದ್ದೆ. ಗಾಡಿಯೇ ಶಾಲೆಯ ಬಾಗಿಲಿಗೆ ಬಂದರೆ ಏನು ಮಾಡಬೇಕೆಂದು ತೀರ್ಮಾನಿಸಿರಲಿಲ್ಲ.

ಬಂದವನು ಆಗ ಅಧಿಕಾರದಲ್ಲಿದ್ದ ಪಕ್ಷದ ತಾಲೂಕು ಸಮಿತಿಯ ಖಜಾಂಚಿ. ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇಟ್ಟುಕೊಂಡು ರೈತರ ಭತ್ತ ಮಾರಿಸಿಕೊಡುತ್ತಿದ್ದ ಸಾವುಕಾರ. ಅವರ ಸಮಿತಿಗೆ ಒಂದು ಕಷ್ಟ ಬಂದಿತ್ತು. ಹಿಂದಿನ ಎಲೆಕ್ಷನ್ನಿಗೆ ಎತ್ತಿದ ಚಂದಾ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಎಲ್ಲರ ಕಡೆಗೂ ಬೆರಳು ತೋರಿಸಿದ್ದರು. ಈ ಸಲ ಹಾಗಾಗಬಾರದೆಂದು ಗುಲಾಬಿ ಬಣ್ಣದ ಪಾವತಿ ಪುಸ್ತಕ, ಅಂದರೆ ರಸೀದಿ ಪುಸ್ತಕ, ಅಚ್ಚು ಹಾಕಿಸಿದ್ದರು. ಒಂದು ಚೀಲ ಭತ್ತ ಕೊಟ್ಟರೂ ಪಾವತಿ, ಅರ್ಧ ಚೀಲ ಕೊಟ್ಟರೂ ಪಾವತಿ. ಆದರೆ ಸಮಿತಿಯಲ್ಲಿ ಬರೆಯಲು ಬರುವವರನ್ನು ಬರೆಯಲು ಬಾರದವರು ನಂಬುತ್ತಿರಲಿಲ್ಲ. ಹಾಗಾಗಿ ಯಾರ ಕಡೆಯವನೂ ಅಲ್ಲದ, ಎಲ್ಲರಿಗೂ ಹೆದರುವ ಒಬ್ಬ ಮನುಷ್ಯ ಅವರಿಗೆ ಬೇಕಾಗಿದ್ದ.

ಖಜಾಂಚಿ ಪಡಸಾಲೆಯ ಕಟ್ಟೆಯ ಮೇಲೆ ಕೂತು ಅಡಕೊತ್ತು ತೆಗೆದ. ಮಕ್ಕಳು ಮಗ್ಗಿ ನಿಲ್ಲಿಸಿ ಅವನ ರೇಷ್ಮೆ ರುಮಾಲನ್ನೇ ನೋಡುತ್ತಿದ್ದವು.

"ಮಾಸ್ತರ್ರ, ನಮ್ಮ ಪಾವತಿ ಪುಸ್ತಕ ಬರಕೊಡ್ರಿ. ನಿಮ್ಮ ಅಕ್ಷರ ನೋಡಿದ್ರ ಮಂದಿ ಒಂದು ಕೊಡೋದು ಎರಡು ಚೀಲ ಕೊಡತಾರ," ಅಂದ.

"ನಾ ಸರ್ಕಾರಿ ನೌಕರ ರೀ ಸಾವ್ಕಾರ್ರ. ನಾ ಇದನ್ನ ಮುಟ್ಟೂಹಂಗಿಲ್ರೀ."

"ದಸ್ಕತ್ತು ನಾ ಹಾಕತೀನಿ. ನಿಮ್ದು ಬರೇ ಕೈ. ಕೈಗೇನು ಹೆಸರಿರತೈತೇನ್ರಿ?"

ಅವನು ಒಂದು ಅಡಿಕೆ ಕತ್ತರಿಸಿ, ಹೋಳುಗಳನ್ನು ಅಂಗೈಯಲ್ಲಿ ಹರಡಿ ನೋಡುತ್ತ ಅಂದ:

"ನಿಮ್ಮ ಕಾಯಂ ಆರ್ಡರ್ ರಾಯಚೂರಾಗ ಐತಂತಲ್ರಿ. ಆ ಕಚೇರ್ಯಾಗ ನಮ್ಮ ಮಂದಿ ಅದಾರ. ಫೈಲು ಮುಂದ ದೂಡೋದೂ ಅವರಿಗೆ ಗೊತ್ತು, ಅದರ ಮ್ಯಾಲ ಕುಂದ್ರೋದೂ ಗೊತ್ತು."

ನಗುತ್ತಲೇ ಹೇಳಿದ. ಬೆದರಿಸುವವರು ಕಣ್ಣು ಕೆಂಪಗೆ ಮಾಡುತ್ತಾರೆಂದು ಅಲ್ಲಿಯವರೆಗೆ ತಿಳಿದಿದ್ದೆ. ಬರೆದರೆ ಒಬ್ಬ ಸಾಹೇಬ ನನ್ನ ನೌಕರಿ ತೆಗೆಯುತ್ತಾನೆ, ಬರೆಯದಿದ್ದರೆ ಇನ್ನೊಬ್ಬ ಕೊಡುವುದಿಲ್ಲ. ಅತ್ತ ದರಿ ಇತ್ತ ಪುಲಿ. ಎರಡರಲ್ಲಿ ಹತ್ತಿರ ಕೂತಿದ್ದ ಪುಲಿಗೆ ಹೆದರಿದೆ. ಶಾಲೆ ಬಿಟ್ಟ ಮೇಲೆ ಬರುತ್ತೇನೆ ಅಂದೆ.

ಅದು ರಾಶಿಯ ಕಾಲ. ಖಜಾಂಚಿ ಮನೆಮನೆಗೆ ಹೋಗುವ ದಡ್ಡನಾಗಿರಲಿಲ್ಲ. ಮನೆ ಬಾಗಿಲಿಗೆ ಹೋದರೆ ಯಜಮಾನ ಊರಲ್ಲಿಲ್ಲ ಎಂದು ಒಳಗಿನಿಂದ ಯಜಮಾನನೇ ಹೇಳುತ್ತಾನೆ. ಕಣದಲ್ಲಿ ಹಾಗೆ ಹೇಳಲು ಬರುವುದಿಲ್ಲ. ರಾಶಿ ಅಳೆಯುವ ಹೊತ್ತಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಮುಂದಿನ ವರ್ಷ ಕಣ ತುಂಬುವುದಿಲ್ಲವೆಂಬುದು ನಮ್ಮ ಕಡೆಯ ನಂಬಿಕೆ. ಬಡಿಗ, ಕಮ್ಮಾರ, ಅಗಸ, ದಾರಿಯಲ್ಲಿ ಹೋಗುವ ದಾಸಯ್ಯ, ಯಾರೇ ಬರಲಿ, ಒಂದು ಮೊರವಾದರೂ ಹಾಕಿಯೇ ಕಳಿಸುತ್ತಾರೆ. ಸಮಿತಿಯ ಎತ್ತಿನಗಾಡಿ ಆ ಸಾಲಿನಲ್ಲಿ ಹೋಗಿ ನಿಂತಿತು. ಖಜಾಂಚಿ ದೂರದಲ್ಲೇ ಮೆಟ್ಟು ಕಳಚಿ, ರಾಶಿಗೆ ಕೈಮುಗಿದು, ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎಂದು ಎಣಿಸುವವರ ಜೊತೆ ತಾನೂ 'ಲಾಭ' ಅನ್ನುತ್ತಿದ್ದ. ಆಮೇಲೆ ಮೆಲ್ಲಗೆ ವಿಷಯ ತೆಗೆಯುತ್ತಿದ್ದ. ಆ ಕಳ್ಳನ ಜಾಣತನವನ್ನು ಇವತ್ತಿಗೂ ಬೈಯುತ್ತಲೇ ಮೆಚ್ಚುತ್ತೇನೆ.

ನಾನು ಗಾಡಿಯ ಮರೆಗೆ, ರಸ್ತೆಗೆ ಬೆನ್ನು ಮಾಡಿ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೆ. ಬಸ್ಸಿನ ಸದ್ದು ಕೇಳಿದರೆ ಪುಸ್ತಕವನ್ನು ತೊಡೆಯ ಕೆಳಗೆ ತುರುಕುತ್ತಿದ್ದೆ. ಕೊಡುವವರ ವರಸೆ ಒಬ್ಬೊಬ್ಬರದು ಒಂದೊಂದು. ಒಬ್ಬ, ಅಣ್ಣತಮ್ಮಂದಿರಿಗೆ ಗೊತ್ತಾಗಬಾರದೆಂದು ಪಾವತಿಯನ್ನು ಮನೆದೇವರ ಹೆಸರಿಗೆ ಬರೆಸಿದ. ಕಾಲುವೆ ಬಂದ ಮೇಲೆ ಬಂದು ನೆಲೆಸಿದ ಆಂಧ್ರದವರ ಕ್ಯಾಂಪಿನ ರೈತನೊಬ್ಬ ಎರಡು ಚೀಲ ಗಾಡಿಗೆ ಹಾಕಿಸಿ, "ರಸೀದು ವದ್ದು" ಎಂದು, ಬೇಡವೆಂಬಂತೆ ಕೈಯಾಡಿಸಿದ. ಬೆಳಿಗ್ಗೆ ಎದುರು ಪಕ್ಷದ ಗಾಡಿಗೂ ಅಷ್ಟೇ ಹಾಕಿದ್ದನೆಂದು ಆಮೇಲೆ ತಿಳಿಯಿತು. ಅಷ್ಟು ಬುದ್ಧಿ ನನಗೆ ಇರಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಹಿಂದಿನ ವರ್ಷವೂ ನಾನು ಇದೇ ಕಣಗಳಿಗೆ ಬಂದು ಕೂತಿದ್ದೆ. ಆಗ ಬಂದದ್ದು ಕಂದಾಯ ಇಲಾಖೆಯ ಗಿರ್ದಾವರರ ಜೊತೆ. ನೀರಾವರಿ ರೈತರು ಬೆಳೆದ ಭತ್ತದಲ್ಲಿ ಸರ್ಕಾರಕ್ಕೆ ಲೇವಿ ಕೊಡಬೇಕಿದ್ದ ಕಾಲ ಅದು. ಆ ಊರಿಗೆ ಎಕರೆಗೆ ಒಂದು ಚೀಲದಂತೆ ನಿಗದಿಯಾಗಿತ್ತು. ಗಿರ್ದಾವರರಿಗೂ ನನ್ನ ಅಕ್ಷರದ ಮೇಲೆ ಕಣ್ಣು ಬಿದ್ದು, ನನ್ನನ್ನು ಕರೆದುಕೊಂಡು ಹೋಗಿ ಲೇವಿ ಚೀಟಿಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸಿದ್ದರು. ಈ ವರ್ಷ ಅವರಿಗೆ ಎಲೆಕ್ಷನ್ ಕೆಲಸ ಬಿದ್ದು ಲೇವಿ ಹಿಂದೆ ಬಿದ್ದಿತ್ತು. ಅವರಿಗಿಂತ ಮೊದಲು ಸಮಿತಿಯ ಗಾಡಿ ಬಂತು. ಬರೆಯಲು ಕೂತವನು ಮಾತ್ರ ಅದೇ ಮಾಸ್ತರ.

ಮೂರನೆಯ ದಿನ ಕಾಲುವೆಯ ತೂಬಿನ ಹತ್ತಿರದ ಕಣಕ್ಕೆ ಹೋದೆವು. ಗಂಡ ಸತ್ತ ಒಬ್ಬ ಮುದುಕಿ, ನಾಲ್ಕು ಎಕರೆಯನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಒಬ್ಬಳೇ ಮಗಳನ್ನು ಮಸ್ಕಿಯ ಕಡೆ ಕೊಟ್ಟಿದ್ದಳು. ಓದು ಬರಹ ಗೊತ್ತಿಲ್ಲ. ಆದರೆ ಹೆಜ್ಜೆಯ ಗುರುತಿನ ಮೇಲೆ ಯಾರ ಎಮ್ಮೆ ತನ್ನ ಗದ್ದೆಗೆ ಬಿದ್ದಿತ್ತೆಂದು ಹೇಳುವಂಥವಳು. ಗಾಡಿ ನಿಂತದ್ದೇ ತಡ, ಖಜಾಂಚಿ ಬಾಯಿ ತೆರೆಯುವ ಮೊದಲೇ ಅವಳು ನನ್ನನ್ನು ನೋಡಿ ಆಳಿಗೆ ಹೇಳಿದಳು.

"ಮಾಸ್ತರಪ್ಪ ಬಂದಾನ. ಚೀಲ ತುಂಬ್ರಿ." ನನ್ನ ಕಡೆ ತಿರುಗಿ ಕೇಳಿದಳು, "ಹ್ವಾದ ವರ್ಷದಂಗ ನಾಲ್ಕ ಚೀಲ ಹೌದಲ್ಲಪಾ?"

ನನಗೆ ಆ ಕ್ಷಣಕ್ಕೇ ತಿಳಿಯಿತು. ಅವಳು ಲೇವಿ ಕೊಡುತ್ತಿದ್ದಾಳೆ. ಖಜಾಂಚಿಗೂ ತಿಳಿಯಿತು. ಅವಳಿಂದ ಒಂದು ಚೀಲಕ್ಕಿಂತ ಹೆಚ್ಚು ಅವನು ಕನಸಿನಲ್ಲೂ ನಿರೀಕ್ಷಿಸಿರಲಿಲ್ಲ. ಅವನು ನನ್ನನ್ನು ನೋಡಿದ. ಅಡಕೊತ್ತನ್ನು ಕೈಯಲ್ಲಿ ಹಿಡಿದಿದ್ದ, ಅಡಿಕೆ ಇರಲಿಲ್ಲ, ಬರಿದೆ ಒತ್ತಿದ. ಕಟ್ ಎಂದು ಸದ್ದಾಯಿತು.

"ಹೂನಬೇ, ನಾಲ್ಕ," ಅಂದ ಅವನು.

ನಾನು ತಲೆ ಬಗ್ಗಿಸಿ ಬರೆದೆ. ಅವಳ ಹೆಸರು, ನಾಲ್ಕು ಚೀಲ ಭತ್ತ, ಮುಟ್ಟಿದೆ. ಎಲ್ಲ ದುಂಡಗೆ ಬರೆದೆ. ಚೀಟಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ನಾಲ್ಕು ಚೀಲವನ್ನು ಗಾಡಿಗೆ ಏರಿಸುವಾಗ ನಾನು ಆಕಡೆ ತಿರುಗಿ ಕಾಲುವೆ ನೋಡುತ್ತ ನಿಂತೆ. ಒಂದೇ ಒಂದು ಮಾತು, 'ಇದು ಲೇವಿ ಅಲ್ಲವ್ವ' ಎಂಬ ಮಾತು, ಸಾಕಿತ್ತು. ಅದನ್ನು ಆಡುವ ಬದಲು ಪುಸ್ತಕದ ಮುಂದಿನ ಹಾಳೆ ತಿರುಗಿಸಿದೆ.

ಎಲೆಕ್ಷನ್ ಆಯಿತು. ಖಜಾಂಚಿಯ ಅಭ್ಯರ್ಥಿ ಸೋತ. ಫಲಿತಾಂಶ ಬಂದ ವಾರದಲ್ಲಿ ನಾನು ಸಿಂಧನೂರಿಗೆ ಹೋಗಿ, ಆ ಪುಸ್ತಕದಲ್ಲಿ ಉಳಿದ ಪ್ರತಿಗಳನ್ನು ಸುಟ್ಟುಬಿಡಿ ಎಂದು ಕೇಳಿದೆ. ಅವನು ಗಾದಿಯ ಮೇಲೆ ಒರಗಿಕೊಂಡು, "ಯಾವ ಪುಸ್ತಕ ರೀ ಮಾಸ್ತರ್ರ?" ಅಂದ. ಆ ಮಾತಿನಿಂದ ನನಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಇನ್ನು ಮುಂದೆ ಇವನು ನನ್ನನ್ನೂ 'ಯಾವ ಮಾಸ್ತರ' ಅನ್ನುತ್ತಾನೆಂದು ಗೊತ್ತಾಯಿತು. ಅತ್ತ ಶಾಲೆಯ ಊರಲ್ಲಿ ಗೆದ್ದ ಪಕ್ಷದ ಮುಖಂಡನೊಬ್ಬನಿದ್ದ. ಚೆನ್ನಾಗಿ ಬೆಳೆದ ಮೀಸೆಯ ಮನುಷ್ಯ. ಅವನು ಹೋಟೆಲಿನಲ್ಲಿ ಕೂತು, "ಸರ್ಕಾರದ ಪಗಾರ ತಿಂದು ಸೋತವರ ಚಂದಾ ಬರದಾನ. ಒಂದು ಚೀಟಿ ನನ್ನ ಕೈಗೆ ಸಿಗಲಿ, ರಾಯಚೂರಿಗೆ ಅರ್ಜಿ ಹಾಕತೀನಿ," ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೀಳಲೆಂದೇ ಹೇಳಿದ್ದ.

ಅಂದಿನಿಂದ ಊರಿನ ಮನೆಗಳೆಲ್ಲ ನನಗೆ ಚೀಟಿ ಬಚ್ಚಿಟ್ಟ ಪೆಟ್ಟಿಗೆಗಳಾದವು. ಯಾರಾದರೂ ಎಲೆಅಡಿಕೆ ಕಟ್ಟಿಕೊಂಡು ಬಂದ ಕಾಗದ ಗುಲಾಬಿಯಾಗಿದ್ದರೆ ಎಲೆ ಕೇಳುವ ನೆಪದಲ್ಲಿ ಬಿಚ್ಚಿ ನೋಡುತ್ತಿದ್ದೆ. ಹೆಚ್ಚಿನವರು ಪಾವತಿಯನ್ನು ಹರಿದು ಬೀಡಿ ಸುತ್ತಿದ್ದರು, ಇಲ್ಲವೆ ಮಕ್ಕಳಿಗೆ ಗಾಳಿಪಟಕ್ಕೆ ಕೊಟ್ಟಿದ್ದರು. ಒಬ್ಬಳು ಮಾತ್ರ ಹಾಗೆ ಮಾಡುವವಳಲ್ಲ ಎಂದು ನನಗೆ ಗೊತ್ತಿತ್ತು. ಅವಳ ಪಾಲಿಗೆ ಅದು ಸರ್ಕಾರದ ಕಾಗದ.

ನಮ್ಮ ಕಡೆ ಕಾಗದಗಳಿಗೆ ಪೆಟ್ಟಿಗೆ ಇರುತ್ತಿರಲಿಲ್ಲ, ತಂತಿ ಇರುತ್ತಿತ್ತು. ತೊಲೆಯ ಮೊಳೆಗೆ ಒಂದು ಉದ್ದನೆಯ ಕಬ್ಬಿಣದ ತಂತಿ ತೂಗುಹಾಕಿ, ಅದರ ತುದಿ ಮೇಲಕ್ಕೆ ಬಗ್ಗಿಸಿ, ಮನೆಗೆ ಬಂದ ಕಾಗದವನ್ನೆಲ್ಲ ಅದಕ್ಕೆ ಚುಚ್ಚುತ್ತಿದ್ದರು. ನೀರಿನ ತೆರಿಗೆಯ ಪಾವತಿ, ಮದುವೆಯ ಕರೆಯೋಲೆ, ಟಪಾಲು ಎಲ್ಲ ಬಂದ ಬಂದ ಹಾಗೆ ಒಂದರ ಮೇಲೊಂದು. ನಡುವಿನದು ಬೇಕೆಂದರೆ ಮೇಲಿನದೆಲ್ಲ ಕಳಚಬೇಕು.

ನಾಳೆ ಗಿರ್ದಾವರರು ಬಂದು ಲೇವಿ ಬಾಕಿ ನೋಡುತ್ತಾರೆ, ಎಲ್ಲರೂ ಚಾವಡಿಗೆ ಚೀಟಿ ತರಬೇಕು ಎಂದು ಡಂಗುರ ಹೊಡೆದ ದಿನ, ಮಧ್ಯಾಹ್ನ ಮಕ್ಕಳನ್ನು ಊಟಕ್ಕೆ ಬಿಟ್ಟು ನಾನು ಮುದುಕಿಯ ಮನೆಗೆ ಹೋದೆ. ಕದಿಯಲು ಹೋದೆ ಎಂದು ಬರೆಯುವುದೇ ಸರಿ.

"ಅವ್ವಾ, ನಿನ್ನ ಕಾಗದ ಒಮ್ಮಿ ನೋಡತೀನಿ. ಎಲ್ಲಾ ಸರಿ ಅದಾವೋ ಇಲ್ಲೋ," ಅಂದೆ.

"ನೋಡಪಾ. ಆದ್ರ ತಂತ್ಯಾಗಿಂದ ತಗದು ಎಲ್ಲೂ ಇಡಬ್ಯಾಡ. ತಂತಿಗೆ ಹಾಕಿದ್ದು ತಗೀಬಾರದಂತ ನಮ್ಮ ಮನ್ಯಾವ ಹೇಳ್ಯಾನ," ಅಂದಳು. ಮನೆಯವನು ಸತ್ತು ಆರು ವರ್ಷವಾಗಿತ್ತು. ತಂತಿ ಇಳಿಸಿ ನನ್ನ ಮುಂದೆ ಇಟ್ಟು, ತಾನು ಎದುರಿಗೇ ಕೂತಳು.

ಗುಲಾಬಿ ಚೀಟಿಯ ಮೇಲೆ ಆರೇಳು ಕಾಗದ ಇದ್ದವು. ಒಂದೊಂದೇ ಕಳಚಿ ತೊಡೆಯ ಮೇಲೆ ಇಟ್ಟುಕೊಂಡೆ. ಓದು ಬಾರದ ಆ ಮುದುಕಿ, ಕಾಗದದ ಬಣ್ಣ ಮತ್ತು ಮೂಲೆಯ ಅರಿಶಿನ ನೋಡಿ, ಇದು ತೂಬಿನ ತೆರಿಗಿ, ಇದು ಮಗಳ ನಾದಿನಿ ಮದುವಿ ಎಂದು ಹೇಳುತ್ತಿದ್ದಳು. ಒಂದೂ ತಪ್ಪಲಿಲ್ಲ. ಕೊನೆಗೆ ಗುಲಾಬಿ ಬಂತು. ಅದರ ಕೆಳಗೇ ಹಿಂದಿನ ವರ್ಷದ ಬಿಳಿ ಲೇವಿ ಚೀಟಿ. ಎರಡರಲ್ಲೂ ನನ್ನ ಅಕ್ಷರ, ಅವಳಿ ಮಕ್ಕಳಂತೆ. ಗುಲಾಬಿಯನ್ನು ಎರಡು ಬೆರಳಲ್ಲಿ ಹಿಡಿದೆ. ಒಂದು ಸಲ ಅವಳು ಒಳಗೆ ಹೋಗಲಿ, ನೀರು ಕೇಳಲೇ ಎಂದುಕೊಂಡೆ. ಬೆವರಿಗೆ ಕಾಗದ ಬೆರಳಿಗೆ ಅಂಟಿಕೊಂಡಿತು.

"ಯಾಕಪಾ, ಕೈ ನಡಗಾಕತ್ತಾವಲ್ಲ? ಉಂಡಿಲ್ಲೇನು?"

ಮಜ್ಜಿಗೆ ತರಲು ಅವಳು ಎದ್ದೇ ಹೋದಳು. ಅಡಿಗೆಮನೆಯಿಂದ ಗಡಿಗೆ ಎತ್ತಿದ ಸದ್ದು ಬಂತು. ಈಗ ಕಿಸೆಗೆ ಹಾಕಿಕೊಂಡರೆ ಮುಗಿಯಿತು. ಹಾಕಿಕೊಂಡರೆ ನಾಳೆ ಅವಳ ಕೈಯಲ್ಲಿ ಏನೂ ಇರುವುದಿಲ್ಲ, ಲೇವಿ ಕಟ್ಟಿದ್ದೇನೆ ಎಂದು ಬರಿ ಬಾಯಲ್ಲಿ ಹೇಳುತ್ತಾಳೆ, ಯಾರೂ ನಂಬುವುದಿಲ್ಲ. ನಾನು ಹಾಕಿಕೊಳ್ಳಲಿಲ್ಲ. ಅದನ್ನು ಒಳ್ಳೆಯತನ ಎಂದು ಯಾರೂ ತಿಳಿಯಬಾರದು. ಕದಿಯಲಿಕ್ಕೂ ಧೈರ್ಯ ಬೇಕು, ಅದೂ ನನ್ನಲ್ಲಿರಲಿಲ್ಲ. ಎಲ್ಲವನ್ನೂ ಮತ್ತೆ ಸಾಲಾಗಿ ಚುಚ್ಚಿ, ಅವಳು ತಂದ ಮಜ್ಜಿಗೆ ಕುಡಿದು ಬಂದೆ.

ಮರುದಿನ ಹತ್ತು ಗಂಟೆಗೆ ಚಾವಡಿಯಿಂದ ಜವಾನ ಬಂದು ಗಿರ್ದಾವರರು ಕರೆಯುತ್ತಾರೆ ಅಂದ. ಮಕ್ಕಳಿಗೆ ಮಗ್ಗಿ ಹೇಳಿ ಎಂದು ಹೇಳಿ ಹೊರಟೆ. ಸುಣ್ಣದ ಕಡ್ಡಿ ಕೈಯಲ್ಲೇ ಉಳಿದಿತ್ತು. ಗುಡಿಯಿಂದ ಚಾವಡಿಗೆ ನೂರು ಹೆಜ್ಜೆ ಇರಬಹುದು. ಅವ್ವನಿಗೆ ಏನೆಂದು ಪತ್ರ ಬರೆಯಲಿ ಎಂದು ಯೋಚಿಸುತ್ತ ಹೋದೆ. 'ಕ್ಷೇಮ' ಎಂಬಲ್ಲಿಗೆ ಬಂದು ಮುಂದೆ ಹೊಳೆಯಲಿಲ್ಲ.

ಗಿರ್ದಾವರರು ಮೇಜಿನ ಹಿಂದೆ, ಮೀಸೆಯ ಮುಖಂಡ ಅವರ ಪಕ್ಕದ ಬೆಂಚಿನ ಮೇಲೆ. ಮುದುಕಿ ಎದುರಿಗೆ ನಿಂತಿದ್ದಳು. ತಂತಿಯನ್ನು ಅವಳು ಕೈಬಿಟ್ಟಿರಲಿಲ್ಲ. ಗಿರ್ದಾವರರು ಅತ್ತ ಕಡೆಯಿಂದ ಕಾಗದಗಳನ್ನು ತಂತಿಯಲ್ಲೇ ಸರಿಸಿ, ಗುಲಾಬಿ ಮತ್ತು ಬಿಳಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಿದ್ದರು.

"ಇದು ಲೇವಿ ಅಲ್ಲಬೇ. ಪಕ್ಷದ ಚಂದಾ. ನಿಂದು ನಾಲ್ಕ ಚೀಲ ಲೇವಿ ಹಂಗs ಐತಿ," ಅಂದರು.

ಅವಳು ಗುಲಾಬಿ ಚೀಟಿಯನ್ನೇ ನೋಡಿದಳು.

"ಇದನ್ನ ಬರದಾರು ಯಾರು, ಅದನ್ನ ಕೇಳ್ರಿ ಸಾಹೇಬ್ರ," ಅಂದ ಮುಖಂಡ.

ಗಿರ್ದಾವರರು ಕೇಳಿದರು. ಮುದುಕಿ ತಿರುಗಿ ನೋಡಿದಳು. ಬಾಗಿಲಲ್ಲಿ ನಾನು ನಿಂತಿದ್ದೆ. ಅವಳು ನನ್ನ ಮುಖ ನೋಡಲಿಲ್ಲ, ಸುಣ್ಣದ ಕಡ್ಡಿ ಹಿಡಿದ ನನ್ನ ಕೈ ನೋಡಿದಳು. ಗುಡಿಯ ಕಡೆಯಿಂದ ಏಳರ ಮಗ್ಗಿ ಕೇಳುತ್ತಿತ್ತು.

"ನನಗ ಓದಾಕ ಬರಂಗಿಲ್ರೀ ಸಾಹೇಬ್ರ," ಅಂದಳು. "ಕಣಕ್ಕ ಮಂದಿ ಬಂದಿದ್ರು. ಯಾರೋ ಬರದ್ರು. ಕಣಕ್ಕ ಬಂದಾರನ್ನ ಖಾಲಿ ಕಳಸಬಾರದಂತ ನಾನs ಕೊಟ್ಟೀನಿ. ಲೇವಿ ಮರತಿದ್ದೆ. ತರತೀನ್ರಿ."

ಮುಖಂಡ ನಕ್ಕ. "ಮಾಸ್ತರ್ರನ್ನೇ ಕೇಳ್ರಲ್ಲ."

ಗಿರ್ದಾವರರು ನನ್ನನ್ನು ನೋಡಿದರು. ಆ ಎರಡು ಚೀಟಿಗಳು ಒಂದೇ ಕೈಯವು ಎಂದು ಅವರಿಗೆ ಗೊತ್ತಿತ್ತು. ಶಾಲೆ ಬಿಡಿಸಿ ಲೇವಿ ಬರೆಸಿದ್ದು ಹೊರಗೆ ಬಂದರೆ ತಮ್ಮ ಕುತ್ತಿಗೆಗೂ ಬರುತ್ತದೆ ಎಂಬುದೂ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಆಗ ಅದೇನೂ ಹೊಳೆಯಲಿಲ್ಲ.

"ಮಾಸ್ತರ್ರ, ಇದು ನಿಮ್ಮ ಅಕ್ಷರ ಏನ್ರಿ?"

"ಅಲ್ರೀ," ಅಂದೆ.

ಒಂದೇ ಮಾತು. ಅಷ್ಟು ಚುರುಕಾಗಿ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ. ಮುಖಂಡ ಚೀಟಿ ಕಿತ್ತುಕೊಳ್ಳಲು ಕೈ ಚಾಚಿದ. ಮುದುಕಿ ತಂತಿಯನ್ನು ಸೆರಗಿಗೆ ಒತ್ತಿ ಹಿಡಿದು, "ಇದು ನನ್ನ ಗಂಡ ಹಾಕಿದ ತಂತಿ. ಮುಟ್ಟಬ್ಯಾಡಪಾ," ಅಂದಳು. ಗಂಡಸರ ಚಾವಡಿಯಲ್ಲಿ ಹೆಂಗಸಿನ ಸೆರಗಿಗೆ ಕೈ ಹಾಕುವಷ್ಟು ಅವನೂ ಕೆಟ್ಟಿರಲಿಲ್ಲ. "ನಾಳೆ ಮನೀಗೆ ಬಂದು ನೋಡತೀನಿ," ಅಂದ. ಗಿರ್ದಾವರರು ಮುಂದಿನ ಹೆಸರು ಕೂಗಿದರು.

ಆ ಸಂಜೆಯೇ ಅವಳ ಮನೆಯಿಂದ ನಾಲ್ಕು ಚೀಲ ಹೋಯಿತು. ಬೀಜಕ್ಕೂ ವರ್ಷದ ಊಟಕ್ಕೂ ಕಣಜದಲ್ಲಿ ಇಟ್ಟುಕೊಂಡಿದ್ದ ಭತ್ತ. ಆ ಮಳೆಗಾಲದಲ್ಲಿ ಅವಳು ತನ್ನ ಗದ್ದೆಯ ಕೆಲಸ ಮುಗಿಸಿ ಕ್ಯಾಂಪಿನವರ ಗದ್ದೆಗೆ ನಾಟಿ ಕೂಲಿಗೆ ಹೋಗುತ್ತಿದ್ದಳು. ಸೀರೆ ಎತ್ತಿ ಕಟ್ಟಿಕೊಂಡು ಕಾಲುವೆಯ ಏರಿಯ ಮೇಲೆ ಹೋಗುವುದು ಪಡಸಾಲೆಗೆ ಕಾಣುತ್ತಿತ್ತು. ನಾನು ಕರಿಹಲಗೆಯನ್ನು ಇನ್ನೊಂದು ಗೋಡೆಗೆ ಸರಿಸಿದೆ. ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಮಕ್ಕಳಿಗೆ ಹೇಳಿದೆ.

ಮುಖಂಡ ಮರುದಿನ ಅವಳ ಮನೆಗೆ ಹೋದದ್ದು ನಿಜ. ಅಲ್ಲಿ ಏನಾಯಿತೋ ಕೇಳುವ ಧೈರ್ಯ ನನಗೆ ಬರಲಿಲ್ಲ. ಅವನು ಅರ್ಜಿ ಹಾಕಲಿಲ್ಲ. ಹಾಗೆಂದರೆ ಚೀಟಿ ಅವನ ಟ್ರಂಕಿನಲ್ಲಿದೆ, ಸಮಯ ಕಾಯುತ್ತಿದ್ದಾನೆ ಎಂದುಕೊಂಡೆ. ಇಲ್ಲವೆ ಅವಳ ತಂತಿಯಲ್ಲೇ ಇದೆ, ಇನ್ನೊಬ್ಬ ಗಿರ್ದಾವರ ಬಂದಾಗ ಮತ್ತೆ ಇಳಿಯುತ್ತದೆ. ಮುಂದಿನ ವರ್ಷ ಕಾಯಂ ಆರ್ಡರು ಬಂತು. ಖಜಾಂಚಿಯ ಮಂದಿಯ ಕೈ ಅದರಲ್ಲಿ ಇರಲೇ ಇಲ್ಲ, ತಾನಾಗಿ ಬಂತು. ಲಕೋಟೆ ಒಡೆಯುವಾಗ ಅದು ಡಿಸ್ಮಿಸ್ ಆರ್ಡರೆಂದೇ ನಂಬಿ ನೆಲದ ಮೇಲೆ ಕೂತುಬಿಟ್ಟಿದ್ದೆ. ತಂಗಿಯರ ಮದುವೆಯಾಯಿತು, ನನ್ನದೂ ಆಯಿತು. ಕಾಯಂ ಆದವನಿಗೆ ಕಳೆದುಕೊಳ್ಳುವುದು ಹೆಚ್ಚು, ಹಾಗಾಗಿ ಭಯವೂ ಬೆಳೆಯಿತು. ಆ ಊರಿನಲ್ಲಿದ್ದಷ್ಟು ಕಾಲವೂ ಅವಳ ಓಣಿಯನ್ನು ಬಳಸಿ ಹೋಗುತ್ತಿದ್ದೆ. ಮಸ್ಕಿಗೆ ವರ್ಗವಾದಾಗ ಹೇಳದೆ ಬಂದೆ.

ಮಸ್ಕಿಗೆ ಬಂದು ಏಳು ವರ್ಷವಾಗಿತ್ತು. ಒಂದು ದಿನ ಆ ಮುದುಕಿಯ ಮಗಳು ಶಾಲೆಗೆ ಬಂದು, "ಅವ್ವ ಕರದಾಳ್ರಿ. ನಿಮ್ಮ ಕಡಿಂದ ಒಂದು ಕಾಗದ ಬರಸಬೇಕಂತ," ಅಂದಳು. ಸಿಂಧನೂರಿನ ಕಚೇರಿಯ ಮುಂದೆ ಬರೆಯುವವರು ಸಾಲಾಗಿ ಕೂತಿರುತ್ತಾರಲ್ಲ, ನಾನೇ ಏಕೆ ಎಂದು ಕೇಳಬೇಕೆನ್ನಿಸಿತು. ಕೇಳದೆ, ಬ್ಯಾಂಕಿನಿಂದ ನಾಲ್ಕು ಚೀಲ ಭತ್ತದ ಬೆಲೆ ತೆಗೆದು ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಏನನ್ನಬಹುದೆಂದು ನೂರು ಸಲ ಕೇಳಿಸಿಕೊಂಡೆ.

ಅವಳು ಬಾಗಿದ್ದಳು, ಕಣ್ಣು ಮಂಜಾಗಿತ್ತು. ಎರಡು ಎಕರೆ ಮಗಳ ಹೆಸರಿಗೆ ಮಾಡಬೇಕಿತ್ತು. ಹೊಲದ ಸರ್ವೆ ನಂಬರು ಬರೆದುಕೊಳ್ಳಲು ತಂತಿ ಇಳಿಸಿ ಕೊಟ್ಟಳು. ನಾನು ಒಂದೊಂದೇ ಕಾಗದ ಕಳಚಿದೆ. ಒಂಬತ್ತು ವರ್ಷದ್ದು ಕಳಚಿ ಆ ಬಿಳಿ ಲೇವಿ ಚೀಟಿಗೆ ಬಂದೆ. ಅದರ ಮೇಲೆ ಗುಲಾಬಿ ಇರಲಿಲ್ಲ. ತಿರುಗಿ ಮೊದಲಿನಿಂದ ನೋಡಿದೆ.

"ಅದನ್ನ ಹುಡಕಾಕತ್ತೀಯೇನಪಾ?" ಅಂದಳು. "ಅವತ್ತs ಒಲಿಗೆ ಹಾಕಿದೆ. ಚಾವಡ್ಯಾಗಿಂದ ಬಂದು ಮದ್ಲ ಅದನ್ನs ಮಾಡಿದ್ದು. ಮೀಸ್ಯಾವ ಮರದಿನ ಬಂದಾಗ ಒಲಿ ತೋರಿಸಿದೆ."

"ತಂತಿಗೆ ಹಾಕಿದ್ದು ತಗೀಬಾರದಂತಿದ್ದೆಲ್ಲಬೇ ಅವ್ವಾ."

"ಅಂದಿದ್ದೆ. ನಿನ್ನ ಕೈ ಹಂಗ ನಡಗತಿದ್ವಲ್ಲ."

ಒಲೆಯಲ್ಲಿ ಬೂದಿಯಾದ ಒಂದು ಚೂರು ಕಾಗದಕ್ಕೆ ನಾನು ಒಂಬತ್ತು ವರ್ಷ ಹೆದರಿದ್ದೆ. ಕಿಸೆಯಿಂದ ರೊಕ್ಕ ತೆಗೆದು ಅವಳ ಮುಂದೆ ಇಟ್ಟೆ, ನಾಲ್ಕು ಚೀಲದ್ದು ಅಂದೆ.

"ಆಗಿನ ಧಾರಣಿನೋ ಈಗಿನದೋ?"

"ಆಗಿನದು," ಅಂದೆ. ಅದನ್ನೂ ಹೇಳಿಸಿದಳು. ನಕ್ಕು, ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸ್ಟ್ಯಾಂಪ್ ಕಾಗದದ ಮೇಲೆ ಅವಳು ಹೇಳಿದಂತೆ ಬರೆದೆ. ಅವಳ ಹೆಬ್ಬೆಟ್ಟು ಒತ್ತಿಸಿದೆ. ಕೊನೆಗೆ ಪೆನ್ನು ಮುಚ್ಚುವಾಗ ತಡೆದಳು. "ಕಡೀಕ ಬರದಾವನ ಹೆಸರೂ ಹಾಕತಾರಲ್ಲ?"

"ಹೌದವ್ವ. ಬಿಕ್ಕಲಂ ಅಂತಾರ."

"ಹಾಕು ಮತ್ತ."

'ಬಿಕ್ಕಲಂ' ಎಂದು ಬರೆದು ನನ್ನ ಹೆಸರು ಹಾಕಿದೆ. ನಾಲ್ಕೇ ಅಕ್ಷರ, ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು, ಮಸಿಯೂ ಚೆಲ್ಲಿತು. ಅವಳು ಕಾಗದವನ್ನು ಬೆಳಕಿಗೆ ಹಿಡಿದು, ಮಂಜುಗಣ್ಣಿಗೆ ಹತ್ತಿರ ತಂದು, ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ, ನನ್ನ ಹೆಸರಿನ ಮೇಲೆ ಬೆರಳು ನಿಲ್ಲಿಸಿದಳು.

"ಇದು ನಿನ್ನ ಅಕ್ಷರ ಅಲ್ಲಲ್ಲಪಾ," ಅಂದಳು.

"ನಂದs ಅವ್ವಾ," ಅಂದೆ. "ನಂದs."

ಅವಳು ಊದಿ ಮಸಿ ಒಣಗಿಸಿ, ಕಾಗದ ಮಡಚಿ ಮಗಳ ಕೈಗೆ ಕೊಟ್ಟಳು.